ಕುಣಿಕೆಯ ಸಂಖ್ಯೆ ಬೇಡ, ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮಗುವಿಗೆ ಉಲನ್ ಹೊದಿಕೆ ಹೆಣೆಯುವ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಹೆಣಿಗೆಗೆ ಪತ್ರಿಕೆಯಲ್ಲಿ ಇಷ್ಟು ಜಾಗ ಸಿಕ್ಕಿತಲ್ಲ ಅಂತ ಖುಷಿಯಾಯಿತು. ಆದರೆ ಅದನ್ನು ಓದಿ ಕಡ್ಡಿ ಹಿಡಿದವರು ಏನು ಮಾಡಬೇಕು ಹೇಳಿ? 135 ಕುಣಿಕೆ (ಕಡ್ಡಿಯ ಮೇಲೆ ಕೂರುವ ನೂಲಿನ ಸಣ್ಣ ಸುತ್ತು) ಹಾಕಿ, ಸಾಕೆನಿಸುವಷ್ಟು ಉದ್ದ ಹೆಣೆಯಿರಿ ಅಂತಿದೆ. ಯಾವ ನಂಬರಿನ ಕಡ್ಡಿ? ಎಷ್ಟು ದಪ್ಪದ ಉಲನ್? ಮುಗಿದಾಗ ಅಗಲ ಎಷ್ಟು ಬರಬೇಕು? ಒಂದೂ ಇಲ್ಲ. ಫೋಟೊ ಮಾತ್ರ ಚೆನ್ನಾಗಿತ್ತು.

ನನ್ನ ತಕರಾರು ಇಷ್ಟೇ. ಸಾದಾ ಹೊದಿಕೆಗೆ ಕುಣಿಕೆಯ ಸಂಖ್ಯೆ ಕೊಡಬೇಡಿ, ಆ ಸಂಖ್ಯೆ ಕಂಡುಹಿಡಿಯುವ ಲೆಕ್ಕ ಕೊಡಿ. ಸ್ವೆಟರ್ ಆದರೆ ಕುತ್ತಿಗೆ, ಕಂಕುಳು, ತೋಳು ಅಂತ ನೂರೆಂಟು ತಾಪತ್ರಯ, ಅಲ್ಲಿ ಸಂಖ್ಯೆ ಬೇಕೇ ಬೇಕು. ಹೊದಿಕೆ ನಾಲ್ಕು ಮೂಲೆಯ ಒಂದು ತುಂಡು. ಲೆಕ್ಕ ಒಂದು ಕೈಗೆ ಬಂದರೆ ಅದೇ ಹೆಣಿಗೆಯಲ್ಲಿ ಮಡಿಲ ಮಗುವಿಗೂ ಮಾಡಬಹುದು, ಆರಾಮ ಕುರ್ಚಿಯಲ್ಲಿ ಕೂತ ಅಜ್ಜನ ಮೊಣಕಾಲಿಗೂ ಮಾಡಬಹುದು, ತಾಕತ್ತಿದ್ದರೆ ದೊಡ್ಡ ಮಂಚಕ್ಕೂ ಮಾಡಬಹುದು. ಒಂದೊಂದು ಅಳತೆಗೆ ಒಂದೊಂದು ಬರಹ ಬೇಕಾಗುವುದಿಲ್ಲ.

ಹೆಣಿಗೆ ಯಾವುದು ಅಂದರೆ ನಾನು ಮಾಸ್ ಸ್ಟಿಚ್ ಅಂತಲೇ ಹೇಳ್ತೇನೆ. ಒಂದು ಕುಣಿಕೆ ಸೀದಾ (ನುಣ್ಣನೆಯ ಮುಖ ನಮ್ಮ ಕಡೆ), ಒಂದು ಉಲ್ಟಾ (ಗುಬುಟು ನಮ್ಮ ಕಡೆ), ಸಾಲು ಮುಗಿಯೋ ತನಕ ಹೀಗೇ. ಕುಣಿಕೆ ಬೆಸ ಸಂಖ್ಯೆಯಲ್ಲಿ ಇರಲಿ. ಆಗ ಪ್ರತಿ ಸಾಲೂ ಸೀದಾದಿಂದ ಶುರುವಾಗಿ ಸೀದಾದಲ್ಲೇ ಮುಗಿಯುತ್ತದೆ, ಈಗ ಯಾವ ಸಾಲು ಅಂತ ನೆನಪಿಡೋ ಗೋಜೇ ಇಲ್ಲ. ಎರಡು ಇಂಚು ಮೇಲೆ ಬಂದ ಮೇಲೆ ಕೈಯಾಡಿಸಿ ನೋಡಿ, ಜೋಳದ ಕಾಳು ಹರವಿದಂತೆ ಗುಬುಟು ಗುಬುಟಾಗಿ ಸಿಗುತ್ತದೆ. ಎರಡೂ ಬದಿ ಒಂದೇ ಥರ, ಹಿಂದೆ ಮುಂದೆ ಅನ್ನೋದಿಲ್ಲ. ಒಂದು ಸಾಲು ಪೂರ್ತಿ ಸೀದಾ, ಮರುಸಾಲು ಪೂರ್ತಿ ಉಲ್ಟಾ ಹೆಣೆದ ತುಂಡಿನ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ, ಎಷ್ಟು ಒತ್ತಿದರೂ ಮತ್ತೆ ಸುತ್ತುತ್ತದೆ. ಮಾಸ್ ಸ್ಟಿಚ್ ಸುತ್ತುವುದಿಲ್ಲ, ಅದಕ್ಕೆ ಬೇರೆ ಅಂಚೂ ಬೇಡ.

ತೊಡಕು ಇರೋದು ನೂಲು ಆಚೀಚೆ ಮಾಡುವಲ್ಲಿ. ಸೀದಾಕ್ಕೆ ನೂಲು ಹಿಂದಿರಬೇಕು, ಉಲ್ಟಾಕ್ಕೆ ಮುಂದೆ ಬರಬೇಕು, ಪ್ರತಿ ಕುಣಿಕೆಗೂ ಬದಲಾಗಬೇಕು. ಹಾಗೆ ತರುವಾಗ ಎರಡು ಕಡ್ಡಿಗಳ ನಡುವಿನಿಂದ ತರಬೇಕು. ಹೊಸಬರು ಕಡ್ಡಿಯ ಮೇಲಿಂದ ಹಾಯಿಸಿಬಿಡುತ್ತಾರೆ. ಅಲ್ಲೊಂದು ಹೆಚ್ಚಿನ ಕುಣಿಕೆ ಹುಟ್ಟುತ್ತದೆ, ಮರುಸಾಲಿನಲ್ಲಿ ಅದನ್ನೂ ಹೆಣೆದುಬಿಟ್ಟರೆ ಒಂದು ತೂತು ಬೀಳುತ್ತದೆ. ಹೊದಿಕೆ ಮೇಲೆ ಹೋದಂತೆಲ್ಲ ಅಗಲ ಆಗ್ತಾ ಹೋಗೋದು ಬಹಳ ಸಲ ಇದರಿಂದಲೇ. ಸಾಲಿನ ಕೊನೆಗೆ ಸೀದಾ ಬರಬೇಕಾದಲ್ಲಿ ಉಲ್ಟಾ ಬಂತಾ? ಅಲ್ಲೇ ನಿಲ್ಲಿ, ಎಣಿಸಿ. ಹೋದ ಸಾಲಿನ ಗುಬುಟಿನ ಮೇಲೆ ಸೀದಾ, ನುಣ್ಣಗಿದ್ದುದರ ಮೇಲೆ ಉಲ್ಟಾ. ಇದೊಂದು ಕಣ್ಣಿಗೆ ಹತ್ತಿದರೆ ಟಿವಿ ನೋಡ್ತಾನೂ ಹೆಣೆಯಬಹುದು.

ಇಷ್ಟೂ ಬೇಡ ಅನ್ನುವವರು ಎಲ್ಲ ಸಾಲನ್ನೂ ಸೀದಾ ಹೆಣೆಯಿರಿ. ಗಾರ್ಟರ್ ಅನ್ನೋದು ಅದನ್ನೇ. ಸ್ವಲ್ಪ ಕೈ ಪಳಗಿದವರು ನಾಲ್ಕು ಸೀದಾ ನಾಲ್ಕು ಉಲ್ಟಾ ಹೆಣೆದು, ಆರು ಸಾಲಿಗೊಮ್ಮೆ ಅದಲು ಬದಲು ಮಾಡಿದರೆ ಬುಟ್ಟಿಯ ಚೌಕಳಿ ಬರುತ್ತದೆ. ಅದಕ್ಕೆ ಕುಣಿಕೆ ಎಂಟರ ಮಗ್ಗಿಯಲ್ಲಿ ಇರಬೇಕು.

ಈಗ ಲೆಕ್ಕ. 27 ಕುಣಿಕೆ ಹಾಕಿ ಸುಮಾರು 6 ಇಂಚು ಎತ್ತರದ ಒಂದು ತುಂಡು ಹೆಣೆದು ಮುಗಿಸಿ. ಅದನ್ನು ಮೇಜಿನ ಮೇಲೆ ಎಳೆಯದೆ ಹಾಸಿ, ಅಂಚು ಬಿಟ್ಟು ನಡುವಿನ 4 ಇಂಚಿನಲ್ಲಿ ಎಷ್ಟು ಕುಣಿಕೆ ಇವೆ ಎಣಿಸಿ. 18 ಬಂತು ಅಂದುಕೊಳ್ಳಿ. ಇಂಚಿಗೆ ನಾಲ್ಕೂವರೆ ಆಯಿತು. 30 ಇಂಚು ಅಗಲ ಬೇಕಾದರೆ 135. ಬೆಸ ಸಂಖ್ಯೆಯೇ ಬಂತು, ಸರಿ. 36 ಇಂಚಿಗೆ 162, ಒಂದು ಸೇರಿಸಿ 163. 60 ಇಂಚಿನ ಮಂಚದ ಹೊದಿಕೆಗೆ 270, ಅಲ್ಲೂ ಒಂದು ಸೇರಿಸಿ 271. ಉದ್ದಕ್ಕೆ ಲೆಕ್ಕವೇ ಬೇಡ, ಟೇಪು ಹಿಡಿದು ನೋಡಿದರಾಯಿತು. ಆದರೆ ಕಡ್ಡಿಯಿಂದ ಜೋತುಬಿಟ್ಟು ಅಳೆಯಬೇಡಿ, ತನ್ನ ಭಾರಕ್ಕೇ ಜಗ್ಗಿ ಸುಳ್ಳು ಹೇಳುತ್ತದೆ.

ಈ ಸಣ್ಣ ತುಂಡನ್ನು ಯಾರು ಹೆಣೀತಾರೆ, ಸುಮ್ನೆ ಟೈಮ್ ವೇಸ್ಟು ಅನ್ನುವವರಿದ್ದಾರೆ. ಅವರಿಗೆ ನಿಮ್ಮದೇ 135 ಇಟ್ಟುಕೊಂಡು ಹೇಳ್ತೇನೆ. ಕೈ ಬಿಗಿ ಇರುವವರಿಗೆ ಅದೇ ಉಲನ್, ಅದೇ ಕಡ್ಡಿಯಲ್ಲಿ 4 ಇಂಚಿಗೆ 20 ಕುಣಿಕೆ ಬರಬಹುದು. ಆಗ 135 ಕುಣಿಕೆಗೆ ಸಿಗುವುದು 30 ಇಂಚಲ್ಲ, 27. ಮಗುವಿನ ಹೊದಿಕೆಯಲ್ಲಿ 3 ಇಂಚು ಹೋದರೆ ಹೋಗಲಿ. ಮಂಚದ ಹೊದಿಕೆಯಲ್ಲಿ ಅದೇ ತಪ್ಪು 6 ಇಂಚು ನುಂಗುತ್ತದೆ, ತಿಂಗಳುಗಟ್ಟಲೆ ಹೆಣೆದ ಮೇಲೆ ಅದು ಗೊತ್ತಾದರೆ ಹೇಗಿರುತ್ತದೆ?

ಕಡ್ಡಿಯ ನಂಬರ್ ಬರೆಯದೇ ಇದ್ದದ್ದಂತೂ ನನಗೆ ಸರಿಬರಲಿಲ್ಲ. ನಮ್ಮ ಅಂಗಡಿಗಳಲ್ಲಿ ಈಗಲೂ ನಡೆಯುವುದು ಹಳೆಯ ಬ್ರಿಟಿಷ್ ನಂಬರು. ಅದರಲ್ಲಿ ನಂಬರ್ ದೊಡ್ಡದಾದಷ್ಟೂ ಕಡ್ಡಿ ತೆಳ್ಳಗೆ. 10 ಅಂದರೆ 3.25 ಮಿಲಿಮೀಟರ್, 8 ಅಂದರೆ 4, 6 ಅಂದರೆ 5. ಅಮೆರಿಕದವರದ್ದು ಉಲ್ಟಾ, ನಂಬರ್ ಏರಿದಂತೆ ಕಡ್ಡಿ ದಪ್ಪ, ಅವರ 8 ಅಂದರೆ 5 ಮಿಲಿಮೀಟರ್. ಅಮೆರಿಕದವರ ಯೂಟ್ಯೂಬ್ ನೋಡಿ ಬೆಳಗಾವಿಯ ಖಡೇಬಜಾರಿಗೆ ಹೋಗಿ 8 ನಂಬರ್ ಕೊಡಿ ಅಂದರೆ ಕೈಗೆ ಬರುವುದು 4 ಮಿಲಿಮೀಟರಿನದ್ದು. ಅದಕ್ಕೆ ಮಿಲಿಮೀಟರ್ ಬರೆಯಿರಿ, ಪಕ್ಕದಲ್ಲಿ ನಮ್ಮ ಅಂಗಡಿಯ ನಂಬರೂ ಇರಲಿ.

ಉಲನ್ ಎಷ್ಟು ಬೇಕು ಅನ್ನೋದಕ್ಕೂ ಆ ಸಣ್ಣ ತುಂಡೇ ಸಾಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಇಡಿ. 6 ಇಂಚು ಅಗಲ, 6 ಇಂಚು ಎತ್ತರ ಅಂದರೆ 36 ಚದರ ಇಂಚು. ತೂಕ 14 ಗ್ರಾಂ ತೋರಿಸಿತು ಅನ್ನಿ. 30ಕ್ಕೆ 30ರ ಹೊದಿಕೆ 900 ಚದರ ಇಂಚು, ಅಂಥ 25 ತುಂಡು, 350 ಗ್ರಾಂ. ಅಜ್ಜನ ಮೊಣಕಾಲಿಗೆ 36ಕ್ಕೆ 48 ಹೆಣೆದರೆ 48 ತುಂಡು, 672 ಗ್ರಾಂ. ಮಂಚಕ್ಕೆ 60ಕ್ಕೆ 90 ಅಂದರೆ 150 ತುಂಡು, 2 ಕಿಲೊ 100 ಗ್ರಾಂ! ಮಗುವಿನ ಹೊದಿಕೆಗೆ ಹೋಲಿಸಿದರೆ ಅಗಲ ದುಪ್ಪಟ್ಟು, ಉದ್ದ ಮೂರು ಪಟ್ಟು, ಆದರೆ ಉಲನ್ ಆರು ಪಟ್ಟು. ಇದನ್ನು ಮೊದಲೇ ನೋಡಿದವರು ದೊಡ್ಡ ಹೊದಿಕೆ ಶುರುಮಾಡುವ ಮುಂಚೆ ಎರಡು ಸಲ ಯೋಚಿಸುತ್ತಾರೆ, ಯೋಚಿಸಲೂ ಬೇಕು. ಬಂದ ತೂಕದ ಮೇಲೆ ಹತ್ತಕ್ಕೆ ಒಂದರಂತೆ ಜಾಸ್ತಿ ಹಿಡಿದು ಎಲ್ಲವನ್ನೂ ಒಂದೇ ಸಲ ಕೊಳ್ಳಿ. ಲೇಬಲ್ ಮೇಲೆ ಬಣ್ಣದ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ ನೂಲಿನ ಗುರುತು) ಇರುತ್ತದೆ, ಎಲ್ಲ ಉಂಡೆಗೂ ಒಂದೇ ಇರಬೇಕು. ಲಾಟ್ ಬದಲಾದರೆ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಬಣ್ಣ ಕಂಡದ್ದು ಮನೆಗೆ ಬಂದು ಬಿಸಿಲಿಗೆ ಹಿಡಿದಾಗ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ.

ಮಂಚದ ಹೊದಿಕೆಗೆ ಇನ್ನೂ ಒಂದು ಸಮಸ್ಯೆ ಇದೆ. 271 ಕುಣಿಕೆ 14 ಇಂಚಿನ ಉದ್ದ ಕಡ್ಡಿಯಲ್ಲಿ ಹಿಡಿಯುವುದಿಲ್ಲ, ಹೇಗೋ ತುರುಕಿದರೂ ತುದಿಯಿಂದ ಉದುರುತ್ತವೆ, ಮಣಿಕಟ್ಟು ಬೇರೆ ನೋಯುತ್ತದೆ. ನಡುವೆ ವೈರ್ ಇರುವ ಸರ್ಕ್ಯುಲರ್ ಕಡ್ಡಿ ತಂದರೆ ಭಾರವೆಲ್ಲ ಮಡಿಲಿಗೆ ಇಳಿಯುತ್ತದೆ. ಅದು ಸಿಗದಿದ್ದರೆ 20 ಇಂಚಿನ ಮೂರು ಪಟ್ಟಿ ಹೆಣೆಯಿರಿ, ಒಂದೊಂದಕ್ಕೆ 91 ಕುಣಿಕೆ, ಕೊನೆಗೆ ಹೊಲಿದು ಜೋಡಿಸಿ. ನನ್ನ ಓಟು ಪಟ್ಟಿಗೇ. ಗೋಕಾಕಿನ ಬಸ್ಸಿನಲ್ಲಿ ಕೂತೂ ಒಂದು ಪಟ್ಟಿ ಹೆಣೆಯಬಹುದು, ಪೂರ್ತಿ ಹೊದಿಕೆ ಹೊತ್ತುಕೊಂಡು ಯಾರು ಓಡಾಡ್ತಾರೆ?

ಲೆಕ್ಕ ಅಂದರೇ ಅಲರ್ಜಿ ಅನ್ನುವವರಿಗೂ ದಾರಿ ಇದೆ, ಇದನ್ನು ನೀವು ಮುಂದಿನ ವಾರವೇ ಹಾಕಬಹುದು. ಮೂಲೆಯಿಂದ ಶುರುಮಾಡುವ ಹೊದಿಕೆ. ನಾಲ್ಕೇ ಕುಣಿಕೆ ಹಾಕಿ. ಎಲ್ಲ ಸಾಲೂ ಸೀದಾ. ಪ್ರತಿ ಸಾಲಿನಲ್ಲೂ ಮೊದಲ ಮೂರು ಕುಣಿಕೆ ಆದ ಮೇಲೆ ನೂಲನ್ನು ಕಡ್ಡಿಯ ಮೇಲಿಂದ ಒಂದು ಸುತ್ತು ತಂದು ಮುಂದುವರಿಯಿರಿ, ಸಾಲಿಗೊಂದು ಕುಣಿಕೆ ಹೆಚ್ಚುತ್ತದೆ. ಮೇಲೆ ತಪ್ಪು ಅಂದೆನಲ್ಲ, ಅದನ್ನೇ ಇಲ್ಲಿ ಬೇಕಂತಲೇ ಮಾಡೋದು, ಅಂಚಿಗೆ ಸಾಲಾಗಿ ತೂತಿನ ಅಲಂಕಾರ ಬರುತ್ತದೆ. ಗಾರ್ಟರಿನಲ್ಲಿ ಎರಡು ಸಾಲಿನ ಎತ್ತರವೂ ಒಂದು ಕುಣಿಕೆಯ ಅಗಲವೂ ಹೆಚ್ಚುಕಡಿಮೆ ಸಮ, ಹಾಗಾಗಿ ಮೂಲೆ ತಾನಾಗೇ ಚೌಕಕ್ಕೆ ಬರುತ್ತದೆ. ಇರುವ ಉಲನ್ನನ್ನು ಮೊದಲೇ ತೂಗಿಟ್ಟುಕೊಳ್ಳಿ. ಅರ್ಧ ಖರ್ಚಾಗುವ ಸ್ವಲ್ಪ ಮುಂಚೆ ಸಾಲಿಗೊಂದು ಕುಣಿಕೆ ಇಳಿಸಲು ಶುರುಮಾಡಿ, ಪ್ರತಿ ಸಾಲಿನಲ್ಲೂ ಎರಡು ಸೀದಾ, ಎರಡನ್ನು ಒಟ್ಟಿಗೆ ಸೇರಿಸಿ ಒಂದು, ನೂಲಿನ ಒಂದು ಸುತ್ತು, ಮತ್ತೆ ಎರಡನ್ನು ಸೇರಿಸಿ ಒಂದು, ಉಳಿದದ್ದೆಲ್ಲ ಸೀದಾ. ಇದ್ದಷ್ಟು ಉಲನ್ನಿಗೆ ತಕ್ಕಷ್ಟು ದೊಡ್ಡ ಚೌಕ ಸಿಗುತ್ತದೆ. ಇಂತಿಷ್ಟೇ ಅಳತೆ ಬೇಕು ಅನ್ನುವವರು ನಡುವಿನ ಅತಿ ಅಗಲದ ಸಾಲನ್ನು ಬೇಕಾದ ಅಗಲದ 1.41 ಪಟ್ಟು ಇಟ್ಟುಕೊಂಡರೆ ಆಯಿತು. 30 ಇಂಚಿನ ಚೌಕಕ್ಕೆ 42 ಇಂಚು.

ಇದೆಲ್ಲ ಯಾಕೆ, ಸೋಲಾಪುರದ ಚಾದರ ತಂದರೆ ಮುಗೀತು ಅಂತ ನಮ್ಮನೆಯವರೇ ಹೇಳ್ತಾರೆ. ತನ್ನಿ, ಯಾರು ಬೇಡ ಅಂದರು? ಹೆಣೆದ ಹೊದಿಕೆ ಅಗ್ಗ ಅಂತ ನಾನು ಹೇಳೋದೇ ಇಲ್ಲ. ಕೌದಿ ಹಳೆಯ ಸೀರೆಯಲ್ಲಾಗುತ್ತದೆ, ಹತ್ತಿಪ್ಪತ್ತು ವರ್ಷ ಬಾಳುತ್ತದೆ. ದಖನಿ ಕುರಿಯ ಕರಿ ಕಂಬಳಿಗಂತೂ ಮಳೆಯಲ್ಲಿ ಸಾಟಿಯಿಲ್ಲ, ಆದರೆ ಅದು ಚುಚ್ಚುತ್ತದೆ, ಎಳೆ ಮಗುವಿನ ಮೈಗೆ ಆಗುವುದಿಲ್ಲ. ಬೆಳಗಾವಿಯ ಮಳೆಗಾಲದಲ್ಲಿ ಬಟ್ಟೆ ಒಣಗದೆ, ಮನೆಯೆಲ್ಲ ಥಂಡಿ ಹಿಡಿದಿರುವಾಗ ಹಗುರವಾದ, ಬೆಚ್ಚಗಿನ, ಬೇಕಾದ ಅಳತೆಯ ಒಂದು ತುಂಡು ಕೈಗೆ ಸಿಕ್ಕರೆ ಹಿತ, ಅಷ್ಟೇ. ವಿಜಯಪುರ, ಬಾಗಲಕೋಟೆ ಕಡೆಯವರು ಉಲನ್ ಬದಲು ಹತ್ತಿ ನೂಲಿನಲ್ಲಿ ಇದನ್ನೇ ಹೆಣೆಯಬಹುದು. ಹತ್ತಿಯದ್ದು ತೂಕ ಜಾಸ್ತಿ, ಜಗ್ಗುವುದೂ ಜಾಸ್ತಿ, ಅಳತೆ ತುಸು ಕಡಿಮೆ ಹಿಡಿಯಿರಿ.

ಮಗುವಿನ ಹೊದಿಕೆ ಅಂದ ಮೇಲೆ ಬರಹದಲ್ಲಿ ಇರಲೇಬೇಕಾಗಿದ್ದ ಎರಡು ಮಾತು ಬಿಟ್ಟುಹೋಗಿವೆ. ವರ್ಷ ತುಂಬದ ಮಗು ಮಲಗಿರುವಾಗ ತೊಟ್ಟಿಲಲ್ಲಿ ಸಡಿಲ ಹೊದಿಕೆ ಬಿಡಬಾರದು, ಮುಖದ ಮೇಲೆ ಬಂದರೆ ಉಸಿರು ಕಟ್ಟುವ ಭಯ. ಎತ್ತಿಕೊಂಡಾಗ, ಮಡಿಲಲ್ಲಿ ಇಟ್ಟುಕೊಂಡಾಗ, ನಾವು ನೋಡ್ತಾ ಇರುವಾಗ ಹೊದಿಸಬೇಕು. ಇನ್ನೊಂದು ಬೆಂಕಿಯದ್ದು. ನಮ್ಮ ಕಡೆ ಬಾಣಂತಿ ಕೋಣೆಯಲ್ಲಿ ಕೆಂಡ, ಹೊಗೆ ಇದ್ದದ್ದೇ ಅಲ್ವಾ. ಅಂಗಡಿಯಲ್ಲಿ ಉಲನ್ ಅಂತ ಮಾರುವುದು ಬಹುಪಾಲು ಅಕ್ರಿಲಿಕ್ ಅನ್ನೋ ಕೃತಕ ನೂಲು, ಅದು ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕುರಿ ಉಣ್ಣೆ ಅಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ. ಲೇಬಲ್ ಓದಿ ಕೊಳ್ಳಿ ಅಂತ ಒಂದು ಸಾಲು ಬರೆದಿದ್ದರೆ ಏನು ಹೋಗ್ತಿತ್ತು?

ಅಕ್ರಿಲಿಕ್‌ಗೆ ಇಸ್ತ್ರಿಯೂ ಬೇಡ, ಒಂದು ಸಲ ಬಿಸಿ ತಾಗಿದರೆ ಗುಬುಟೆಲ್ಲ ಚಪ್ಪಟೆಯಾಗಿ ಹೋಗುತ್ತದೆ, ವಾಪಸ್ ಬರುವುದಿಲ್ಲ. ತೊಳೆದು, ಟವೆಲ್ಲಿನಲ್ಲಿ ಸುತ್ತಿ ನೀರು ಹಿಂಡಿ, ನೆಲಕ್ಕೆ ಚಾಪೆ ಹಾಸಿ ಅದರ ಮೇಲೆ ಹರವಿ. ಹಗ್ಗದ ಮೇಲೆ ಹಾಕಿದರೆ ಉದ್ದಕ್ಕೆ ಜಗ್ಗುತ್ತದೆ.

ಮುಂದೆ ಹೆಣಿಗೆಯ ಬರಹ ಹಾಕುವಾಗ ಕಡ್ಡಿಯ ಮಿಲಿಮೀಟರ್, 4 ಇಂಚಿಗೆ ಎಷ್ಟು ಕುಣಿಕೆ, ಮುಗಿದ ಅಳತೆ, ಉಲನ್ನಿನ ಗ್ರಾಂ, ಇವಿಷ್ಟು ಶುರುವಿನಲ್ಲೇ ಇರಲಿ. ಜಾಗ ಸಾಲದಿದ್ದರೆ ಫೋಟೊ ಚಿಕ್ಕದು ಮಾಡಿ. ಅಕ್ಷರ ಮಾತ್ರ ಚಿಕ್ಕದು ಮಾಡಬೇಡಿ, ಹೆಣೆಯುವವರಲ್ಲಿ ಅರ್ಧ ಜನ ಕನ್ನಡಕದವರೇ.

ಇತಿ,
ನಿಮ್ಮ ಹಳೆಯ ಓದುಗರು
ಟಿಳಕವಾಡಿ, ಬೆಳಗಾವಿ