ಮಗಳಿಗೊಂದು ಪತ್ರ: ಇಂಗ್ಲೆಂಡಿನ ಡಾರ್ಸೆಟ್ ಜಿಲ್ಲೆಯಲ್ಲಿ ಹಳ್ಳಿಮನೆ ಹಿಡಿಯುವ ಮುನ್ನ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ಕೆಲಸ ಡಾರ್ಚೆಸ್ಟರ್‌ನ ಆಸ್ಪತ್ರೆಯಲ್ಲಿ, ಮನೆ ಮಾತ್ರ ಸರ್ನ್ ಆಬಸ್‌ನಿಂದ ಆಚೆಯ ಸಣ್ಣ ಹಳ್ಳಿಯಲ್ಲಿ ಅಂತ ಬರೆದಿದ್ದೀಯ. ನೀನು ಕಳಿಸಿದ ಫೋಟೋದಲ್ಲಿ ಹುಲ್ಲಿನ ಸೂರು, ಕಲ್ಲುಗೋಡೆ, ಎದುರಿನ ಗುಡ್ಡದಲ್ಲಿ ಸೀಮೆಸುಣ್ಣ ತುಂಬಿ ಗೀಚಿದ 55 ಮೀಟರ್ ಎತ್ತರದ ದೈತ್ಯನ ಚಿತ್ರ, ಎಲ್ಲ ಚೆಂದವೇ. ಆದರೆ ಅಂಥ ಮನೆ ನಡೆಯುವುದು ಹಿತ್ತಲಿನ ಎರಡು ಟ್ಯಾಂಕ್‌ಗಳ ಮೇಲೆ. ಒಂದು ನೆಲದ ಮೇಲೆ ಕಾಣುತ್ತದೆ, ಇನ್ನೊಂದು ನೆಲದೊಳಗೆ ಹೂತಿರುತ್ತದೆ. ಪಟ್ಟಣದಲ್ಲಿ ಕಂಪನಿಯವರ ಪೈಪು ಮಾಡುವ ಕೆಲಸ ಅಲ್ಲಿ ನಿನ್ನ ತಲೆಯ ಮೇಲೆ ಬೀಳುತ್ತದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಎಣ್ಣೆ ಟ್ಯಾಂಕ್. ಗ್ಯಾಸ್ ಪೈಪು ಬರದ ಹಳ್ಳಿಗಳಲ್ಲಿ ಮನೆ ಬೆಚ್ಚಗಿಡುವ ಬಾಯ್ಲರ್ ಉರಿಯುವುದು ಹೆಚ್ಚಾಗಿ ಸೀಮೆಎಣ್ಣೆಯಲ್ಲೇ. ಟ್ಯಾಂಕ್ ಸಾಮಾನ್ಯವಾಗಿ 1,000 ಲೀಟರ್ ಅಥವಾ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಲಾರಿಯವರು ಬಹುಪಾಲು 500 ಲೀಟರ್‌ಗಿಂತ ಕಡಿಮೆಗೆ ಬರುವುದಿಲ್ಲ. ಹಾಗಾಗಿ ಲೆಕ್ಕ ಸುಲಭ: ಅರ್ಧಕ್ಕಿಂತ ಕೆಳಗಿಳಿದಾಗ ಆರ್ಡರ್ ಮಾಡು, ಕಾಲು ಭಾಗಕ್ಕೆ ಇಳಿಯಲು ಬಿಡಬೇಡ. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ತುಂಬಿಸಿಬಿಡು. ಮೊದಲ ಚಳಿ ಬಿದ್ದ ವಾರ ಊರಿಗೆ ಊರೇ ಫೋನ್ ಮಾಡುತ್ತದೆ, ದರವೂ ಏರುತ್ತದೆ, ಲಾರಿಗೂ ಕಾಯಬೇಕಾಗುತ್ತದೆ. ಹಲವು ಹಳ್ಳಿಗಳಲ್ಲಿ ನಾಲ್ಕಾರು ಮನೆ ಸೇರಿ ಒಟ್ಟಿಗೆ ತರಿಸುವ ಕೂಟ ಇರುತ್ತದೆ, ಅಲ್ಲಿ ಕೇಳು. ದಾರಿ ಕಿರಿದಾಗಿದ್ದರೆ ಸಣ್ಣ ಲಾರಿ ಬೇಕೆಂದು ಆರ್ಡರ್ ಮಾಡುವಾಗಲೇ ಹೇಳು, ಇಲ್ಲದಿದ್ದರೆ ತಿರುವಿನಿಂದಲೇ ಹಿಂದಿರುಗುತ್ತಾರೆ.

ಎಣ್ಣೆ ಪೂರ್ತಿ ಮುಗಿದರೆ ಬರೀ ಚಳಿಯಲ್ಲೇ ಮುಗಿಯುವುದಿಲ್ಲ. ಟ್ಯಾಂಕಿನೊಳಗೆ ಹಬೆ ಕೂತು ಇಳಿದ ನೀರು, ಕೆಸರು ಎಲ್ಲ ತಳದಲ್ಲಿರುತ್ತದೆ. ಮಟ್ಟ ಇಳಿದಾಗ ಅದೇ ಫಿಲ್ಟರಿಗೆ ಬಂದು ಕೂರುತ್ತದೆ, ಪೈಪಿಗೆ ಗಾಳಿ ಹೊಕ್ಕುತ್ತದೆ. ಆಮೇಲೆ ಹೊಸ ಎಣ್ಣೆ ಹಾಕಿಸಿದರೂ ಬಾಯ್ಲರ್ ಹತ್ತದೆ ಕೆಂಪು ದೀಪ ತೋರಿಸುತ್ತದೆ. ರೀಸೆಟ್ ಗುಂಡಿಯನ್ನು ಒಂದೆರಡು ಸಲ ಒತ್ತಿ ನೋಡು, ಆಗಲಿಲ್ಲವೋ ಬಿಟ್ಟುಬಿಡು. ಒತ್ತುತ್ತಲೇ ಇದ್ದರೆ ಉರಿಯದ ಎಣ್ಣೆ ಒಳಗೆ ಸೇರಿಕೊಳ್ಳುತ್ತದೆ. ಮೆಕ್ಯಾನಿಕ್ ಬಂದು ಪೈಪಿನ ಗಾಳಿ ತೆಗೆಯಬೇಕು.

ಜನವರಿಯ ಗಟ್ಟಿ ಹಿಮದಲ್ಲಿ ಎಣ್ಣೆ ಇದ್ದೂ ಬಾಯ್ಲರ್ ನಿಂತರೆ, ಹೊರಗೋಡೆಯ ಮೇಲೆ ಬರುವ ತೆಳ್ಳನೆಯ ಪ್ಲಾಸ್ಟಿಕ್ ಪೈಪು ನೋಡು. ಬಾಯ್ಲರ್‌ನಿಂದ ಹನಿಯುವ ನೀರು ಅಲ್ಲಿ ಹೆಪ್ಪುಗಟ್ಟುತ್ತದೆ. ಮುಂಚೆ ಗುಳುಗುಳು ಸದ್ದು ಬಂದಿದ್ದರೆ ಇದೇ ಕಾರಣ ಇರಬಹುದು. ಕೈಗೆ ತಡೆಯುವಷ್ಟು ಬಿಸಿನೀರು ಹೊಯ್ಯಿ. ಕುದಿಯುವ ನೀರು ಹೊಯ್ದರೆ ಪೈಪು ಸೀಳುತ್ತದೆ. ಕರಗಿದ ಮೇಲೆ ರೀಸೆಟ್.

ಇನ್ನು ನೆಲದೊಳಗಿನದು, ಸೆಪ್ಟಿಕ್ ಟ್ಯಾಂಕ್. ನಮ್ಮ ಅಡುಗೆಮನೆಯವರು ಎಡವುವುದು ಇಲ್ಲೇ. ಒಗ್ಗರಣೆ ಬಾಣಲೆ, ತುಪ್ಪದ ಪಾತ್ರೆ, ಹಪ್ಪಳ ಕರಿದ ಎಣ್ಣೆ ಯಾವುದೂ ಸಿಂಕಿಗೆ ಹೋಗಕೂಡದು. ಆ ಚಳಿಯಲ್ಲಿ ಜಿಡ್ಡು ಪೈಪಿನಲ್ಲೇ ಗಟ್ಟಿಯಾಗುತ್ತದೆ. ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿ ಆಮೇಲೆ ತೊಳಿ. ಒದ್ದೆ ವೈಪ್ಸ್ ಮೇಲೆ ಏನೇ ಬರೆದಿರಲಿ, ಕಮೋಡಿಗೆ ಹಾಕಬೇಡ. ಬ್ಲೀಚ್ ಸುರಿದರೆ ಮಲ ಕರಗಿಸುವ ಬ್ಯಾಕ್ಟೀರಿಯಾ ಸಾಯುತ್ತವೆ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಟ್ಯಾಂಕರ್ ತರಿಸಿ ಕೆಸರು ತೆಗೆಸಬೇಕು. ಅದರ ಖರ್ಚು ಯಾರದ್ದೆಂದು ಕರಾರಿನಲ್ಲಿ ಇರಲಿ. ಆ ಟ್ಯಾಂಕಿನ ನೀರು ನೇರವಾಗಿ ಹಳ್ಳಕ್ಕೆ ಹೋಗುತ್ತಿದ್ದರೆ ಮನೆಯೊಡೆಯರು ನಿಯಮ ಮುರಿಯುತ್ತಿದ್ದಾರೆ. 2020ರಿಂದ ಇಂಗ್ಲೆಂಡಿನಲ್ಲಿ ಹಾಗೆ ಬಿಡುವಂತಿಲ್ಲ. ನೀರು ಎಲ್ಲಿ ಇಂಗುತ್ತದೆ ಎಂದು ಕೇಳಿಯೇ ಸಹಿ ಹಾಕು.

ಅದು ನೆಲದಡಿ ಸೀಮೆಸುಣ್ಣದ ಕಲ್ಲಿರುವ ನಾಡು ಎನ್ನುವುದು ಇಲ್ಲಿ ಮುಖ್ಯ. ಶರತ್ಕಾಲದ ಮಳೆ ಗುಡ್ಡದೊಳಗೆ ಇಂಗಿ, ಜನವರಿಯಿಂದ ಮಾರ್ಚ್ ಹೊತ್ತಿಗೆ ಅಂತರ್ಜಲ ಏರುತ್ತದೆ. ಬೇಸಿಗೆಯಲ್ಲಿ ಒಣಗಿ ಚಳಿಗಾಲದಲ್ಲಿ ಹರಿಯುವ ಹಳ್ಳಗಳು ಆ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ವಿಂಟರ್‌ಬೋರ್ನ್, ಅಂದರೆ ಚಳಿಗಾಲದ ಹಳ್ಳ, ಅಂತಲೇ ಹೆಸರಿಟ್ಟುಕೊಂಡ ಊರುಗಳಿವೆ. ಮಳೆ ನಿಂತು ಬಿಸಿಲು ಬಂದ ಮೇಲೂ ನೆಲದಡಿಯಿಂದ ನೀರು ಉಕ್ಕಬಹುದು. ಆಗ ಸೆಪ್ಟಿಕ್ ಟ್ಯಾಂಕಿನ ನೀರು ಇಂಗಲು ಜಾಗವಿಲ್ಲದೆ ಕಮೋಡ್ ಇಳಿಯುವುದಿಲ್ಲ. ಪಕ್ಕದ ಮನೆಯ ಹಿರಿಯರನ್ನು ಕೇಳು, ನೀರು ಎಲ್ಲಿಯವರೆಗೆ ಬಂದಿತ್ತೆಂದು ಅವರಿಗೆ ಗೊತ್ತಿರುತ್ತದೆ.

ಅದೇ ಸುಣ್ಣ ನಲ್ಲಿಯಲ್ಲೂ ಬರುತ್ತದೆ. ಗಡಸು ನೀರಿನಲ್ಲಿ ತೊಗರಿಬೇಳೆ, ಕಡಲೆ ಬೇಗ ಬೇಯುವುದಿಲ್ಲ. ಬೇಳೆ ಕೆಟ್ಟದೆಂದು ಬೈಯಬೇಡ. ರಾತ್ರಿ ನೆನೆಹಾಕು, ಚಿಟಿಕೆ ಅಡುಗೆ ಸೋಡ ಹಾಕು, ಅಥವಾ ಫಿಲ್ಟರ್ ಜಗ್ಗಿನ ನೀರಿನಲ್ಲಿ ಬೇಯಿಸು. ಕೆಟಲಿನ ತಳದ ಬಿಳಿ ಹಕ್ಕಳೆಗೆ ಬಿಳಿ ವಿನಿಗರ್ ಹಾಕಿ ಒಂದು ಗಂಟೆ ಬಿಟ್ಟು ತೊಳೆದರೆ ಸಾಕು. ಕುಕ್ಕರ್ ಕೂಗಿಸುವಾಗ ಕಿಟಕಿ ತೆರೆ. ಹಳೇ ಕಲ್ಲುಗೋಡೆ ತಣ್ಣಗಿರುತ್ತದೆ. ಅನ್ನದ ಹಬೆ, ಒಳಗೆ ಒಣಗಿಸಿದ ಬಟ್ಟೆಯ ತೇವ ಎಲ್ಲ ಅಲ್ಲೇ ಕೂತು ಬೀರುವಿನ ಹಿಂದೆ ಕಪ್ಪು ಬೂಷ್ಟು ಕಟ್ಟುತ್ತದೆ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡು. ದಿನಕ್ಕೆ ಎರಡು ಸಲ ಹತ್ತು ನಿಮಿಷ ಎದುರುಬದುರು ಕಿಟಕಿ ತೆರೆದಿಡು, ಹೊರಗೆ ಎಷ್ಟೇ ಚಳಿ ಇರಲಿ.

ಸೌದೆ ಒಲೆ ಇದ್ದರೆ ಶೇ. 20ಕ್ಕಿಂತ ಕಡಿಮೆ ತೇವದ ಸೌದೆ ಮಾತ್ರ. ಹಸಿ ಸೌದೆಯ ಹೊಗೆ ಚಿಮಣಿಯೊಳಗೆ ಡಾಂಬರಿನಂತೆ ಅಂಟುತ್ತದೆ, ಮುಂದೆ ಅದಕ್ಕೇ ಬೆಂಕಿ ಹತ್ತುತ್ತದೆ. ಮೇಲೆ ಹುಲ್ಲಿನ ಸೂರು ಬೇರೆ. ಚಿಮಣಿ ಗುಡಿಸುವವನನ್ನು ವರ್ಷಕ್ಕೊಮ್ಮೆಯಾದರೂ ಕರೆಸು. ಒಲೆ, ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸುವುದು ಮನೆಯೊಡೆಯರ ಜವಾಬ್ದಾರಿ. ಇಲ್ಲದಿದ್ದರೆ ಕೇಳಲು ಸಂಕೋಚ ಬೇಡ.

ರಸ್ತೆ. ಎ352 ಬಿಟ್ಟು ಹಳ್ಳಿದಾರಿಗೆ ಇಳಿದರೆ ಒಂದೇ ಕಾರಿನ ಅಗಲ, ಎರಡೂ ಕಡೆ ಆಳೆತ್ತರದ ಬೇಲಿ. ಬಿಳಿ ದುಂಡು ಫಲಕದ ಮೇಲೆ ಕಪ್ಪು ಅಡ್ಡಗೆರೆ ಇದ್ದರೆ ಗಂಟೆಗೆ 60 ಮೈಲಿ ವೇಗದವರೆಗೆ ಹೋಗಬಹುದು ಎಂದರ್ಥ. ಹೋಗಲೇಬೇಕೆಂದಲ್ಲ, ಆ ತಿರುವುಗಳಲ್ಲಿ 25 ಕೂಡ ಹೆಚ್ಚೇ. ಎದುರು ಗಾಡಿ ಬಂದರೆ, ಎಡಗಡೆ ಹತ್ತಿರ ಅಗಲ ಜಾಗವಿದ್ದವರು ಅದಕ್ಕೆ ಸರಿಯುತ್ತಾರೆ. ಜಾಗ ಬಲಗಡೆ ಇದ್ದರೆ ಅದರ ಎದುರಿಗೆ ನಿಂತು ಕಾಯಬೇಕು. ಹಿಂದಕ್ಕೆ ಓಡಿಸುವುದನ್ನು ಚೆನ್ನಾಗಿ ಕಲಿತುಕೋ, ದಾರಿ ಬಿಟ್ಟವರಿಗೆ ಕೈಯೆತ್ತುವುದನ್ನು ಮರೆಯಬೇಡ. ಕುದುರೆ ಸವಾರರನ್ನು ದಾಟುವಾಗ 10 ಮೈಲಿ, ಎರಡು ಮೀಟರ್ ಅಂತರ, ಹಾರನ್ ಇಲ್ಲವೇ ಇಲ್ಲ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಬರುವಾಗ ಜಿಂಕೆ ಅಡ್ಡ ಬರುತ್ತವೆ. ಒಂದು ದಾಟಿತೆಂದರೆ ಹಿಂದೆ ಇನ್ನೊಂದು ಇರುತ್ತದೆ. ಮಂಜುಗಡ್ಡೆ ಕಟ್ಟದಂತೆ ಉಪ್ಪು ಚೆಲ್ಲುವುದು ಹೆಚ್ಚಾಗಿ ದೊಡ್ಡ ರಸ್ತೆಗಳಿಗೆ. ಮರದ ನೆರಳಿನ ದಾರಿಯಲ್ಲಿ ಮಧ್ಯಾಹ್ನದವರೆಗೂ ಕಣ್ಣಿಗೆ ಕಾಣದ ಮಂಜುಗಡ್ಡೆ ಉಳಿದಿರುತ್ತದೆ.

ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು, ಎಷ್ಟೋ ಹಳ್ಳಿಗಳಲ್ಲಿ ಬೀದಿದೀಪ ಇಲ್ಲ. ನಡೆಯುವಾಗ ಟಾರ್ಚ್ ಹಿಡಿದು, ಎದುರು ಬರುವ ಗಾಡಿ ಕಾಣುವಂತೆ ಬಲಗಡೆ ನಡಿ. ಹೊಲದ ದಾರಿಗಳಲ್ಲಿ ಹಳದಿ ಬಾಣ ಕಾಲ್ನಡಿಗೆಯವರಿಗೆ, ನೀಲಿ ಬಾಣ ಕುದುರೆ, ಸೈಕಲ್ಲಿಗೂ. ಗೇಟು ಹೇಗಿತ್ತೋ ಹಾಗೇ ಬಿಡು. ಕರು ಜೊತೆಗಿರುವ ಹಸುಗಳನ್ನು ನಮ್ಮೂರ ಗೋವೆಂದು ಮುಟ್ಟಲು ಹೋಗಬೇಡ, ದೂರದಿಂದ ಸುತ್ತಿ ಹೋಗು. ಬೇಸಿಗೆಯಲ್ಲಿ ಎತ್ತರದ ಹುಲ್ಲಿನಲ್ಲಿ ಓಡಾಡಿ ಬಂದರೆ ಮಂಡಿ ಹಿಂದೆ, ಸೊಂಟದಲ್ಲಿ ಉಣ್ಣಿ ಇದೆಯೇ ನೋಡಿಕೋ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೆಟ್ಟಗೆ ಎಳಿ, ಹಿಸುಕಬೇಡ. ಉಣ್ಣಿ ಕಡಿತದಿಂದ ಬರುವ ಲೈಮ್ ಕಾಯಿಲೆಯ ದದ್ದಿನ ಬಗ್ಗೆ ಆಸ್ಪತ್ರೆಯವಳಿಗೆ ನಾನೇನು ಹೇಳಲಿ.

ಅಲ್ಲಿಗೆ ಹೋದ ಮೊದಲ ವಾರದಲ್ಲೇ ಹತ್ತಿರದ ಕ್ಲಿನಿಕ್ಕಿನಲ್ಲಿ ಹೆಸರು ಬರೆಸು. ಔಷಧಿ ಅಂಗಡಿಯಿಂದ 1.6 ಕಿಲೋಮೀಟರ್‌ಗಿಂತ ದೂರದ ಹಳ್ಳಿಯವರಿಗೆ ಕೆಲವು ಕ್ಲಿನಿಕ್‌ಗಳೇ ಔಷಧಿ ಕೊಡುತ್ತವೆ, ವಿಚಾರಿಸು. ಕರೆಂಟ್ ಹೋದರೆ 105ಕ್ಕೆ ಫೋನ್. ಆದರೆ ಈಗ ಮನೆಯ ಫೋನೂ ಇಂಟರ್ನೆಟ್ ಮೇಲೇ ನಡೆಯುವುದರಿಂದ ಕರೆಂಟ್ ಜೊತೆ ಅದೂ ಸಾಯುತ್ತದೆ. ಮೊಬೈಲ್ ಸಿಗ್ನಲ್ ಮನೆಯೊಳಗೆ ಎಲ್ಲಿ ಸಿಗುತ್ತದೆಂದು ನೋಡದೆ ಮನೆ ಒಪ್ಪಬೇಡ. ಪಬ್ಬಿನಲ್ಲಿ ಊಟ ಕೌಂಟರಿನಲ್ಲೇ ಹೇಳಬೇಕು, ಮಧ್ಯಾಹ್ನ ಎರಡು ಗಂಟೆ ಸುಮಾರಿಗೆ ಅಡುಗೆಮನೆ ಮುಚ್ಚಿಬಿಡುತ್ತಾರೆ. ಗೇಟಿನ ಹತ್ತಿರ ಮೊಟ್ಟೆ ಇಟ್ಟಿರುತ್ತಾರೆ, ಮಾರುವವರು ಇರುವುದಿಲ್ಲ. ಡಬ್ಬಿಗೆ ಹಾಕಲು ಚಿಲ್ಲರೆ ಇಟ್ಟುಕೊಂಡಿರು. ಇಲ್ಲಿಂದ ಹಸಿ ಕರಿಬೇವು, ಬಿತ್ತನೆ ಬೀಜ ಕಟ್ಟಿಕೊಂಡು ಹೋಗಬೇಡ, ಪ್ರಮಾಣಪತ್ರವಿಲ್ಲದೆ ಬಿಡುವುದಿಲ್ಲ. ಒಣ ಮೆಣಸಿನಪುಡಿ, ಸಾರಿನಪುಡಿ ಎಷ್ಟು ಬೇಕೆಂದು ತಿಳಿಸು, ಹುರಿದು ಪುಡಿ ಮಾಡಿಸಬೇಕು.

ಕರಾರಿನ ಕರಡು ಬಂದ ಕೂಡಲೇ ಕಳಿಸು. ಟ್ಯಾಂಕ್‌ಗಳ ಕಲಂ ತಾನೇ ಓದಬೇಕಂತೆ ಅಪ್ಪನಿಗೆ.

ಇಂತಿ,
ಅಮ್ಮ