ರೇಡಿಯೊಗೆ ಕಾನ್ವೆಂಟ್ ಇಂಗ್ಲಿಷ್ ಸಾಲದು

ಮಾನ್ಯರೇ,

ಇಂಗ್ಲಿಷ್ ಚೆನ್ನಾಗಿ ಬಂದರೆ ವಿಮಾನದ ರೇಡಿಯೊ ಮಾತು ತಾನಾಗಿ ಬರುತ್ತದೆ ಎಂಬ ನಂಬಿಕೆ ಪೈಲಟ್ ತರಬೇತಿಗೆ ಸೇರುವ ಬೆಂಗಳೂರಿನ ಮಕ್ಕಳಲ್ಲಿದೆ. ಅವರಿಗಿಂತ ಹೆಚ್ಚಾಗಿ ಹೆತ್ತವರಲ್ಲಿದೆ. ಜಕ್ಕೂರು ವಿಮಾನ ತರಬೇತಿ ನಿಲ್ದಾಣದ ಪರಿಚಿತ ದನಿಗಳ ನಡುವೆ ಸಡಿಲ ಮಾತು ದಕ್ಕೀತು. ಹೊರದೇಶದಲ್ಲಿ ದಕ್ಕದು.

1989ರಲ್ಲಿ ಕ್ವಾಲಾಲಂಪುರದ ಸುಬಾಂಗ್ ನಿಲ್ದಾಣದತ್ತ ಬರುತ್ತಿದ್ದ ಸರಕು ವಿಮಾನಕ್ಕೆ 2,400 ಅಡಿಗೆ ಇಳಿಯಲು ‘ಡಿಸೆಂಡ್ ಟೂ ಫೋರ್ ಜೀರೊ ಜೀರೊ’ ಎಂಬ ಸೂಚನೆ ಹೋಯಿತು. ‘ಟೂ’ ಎರಡು ಎಂಬ ಅಂಕಿಯಾಗಿ ಕೇಳಿಸದೆ, ‘-ಗೆ’ ಎಂಬರ್ಥದ ‘ಟು’ ಆಗಿ ಕೇಳಿಸಿತು. ‘ಓಕೆ, ಫೋರ್ ಜೀರೊ ಜೀರೊ’ ಎಂದ ಸಿಬ್ಬಂದಿ 400 ಅಡಿಯತ್ತ ಇಳಿಸಿದರು. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರೂ ಸತ್ತರು. ‘ಡಿಸೆಂಡ್ ಟು ಆಲ್ಟಿಟ್ಯೂಡ್ ಟೂ ತೌಸಂಡ್ ಫೋರ್ ಹಂಡ್ರೆಡ್ ಫೀಟ್’ ಎಂದಿದ್ದರೆ ಗೊಂದಲಕ್ಕೆ ಎಡೆಯಿರಲಿಲ್ಲ. ಸಿಬ್ಬಂದಿ ತಪ್ಪಾಗಿ ಮರಳಿ ಹೇಳಿದ್ದನ್ನು (ರೀಡ್‌ಬ್ಯಾಕ್) ನೆಲದ ಕಂಟ್ರೋಲರ್ ತಿದ್ದಲೂ ಇಲ್ಲ.

ರನ್‌ವೇ, ಎತ್ತರ, ಹೆಡಿಂಗ್ (ಸಾಗುವ ದಿಕ್ಕು), ವೇಗ, ಸ್ಕ್ವಾಕ್ ಕೋಡ್ (ರಾಡಾರ್‌ನಲ್ಲಿ ವಿಮಾನ ಗುರುತಿಸುವ ಸಂಖ್ಯೆ), ಕ್ಯೂಎನ್‌ಎಚ್ (ಎತ್ತರ ಮಾಪಕ ಹೊಂದಿಸುವ ಗಾಳಿಯ ಒತ್ತಡ) ಇವುಗಳನ್ನೆಲ್ಲ ಪೈಲಟ್ ಅಂಕಿ ಸಮೇತ ಮರಳಿ ಹೇಳಿ, ಕೊನೆಗೆ ಕಾಲ್‌ಸೈನ್ (ವಿಮಾನದ ರೇಡಿಯೊ ಹೆಸರು) ಸೇರಿಸಬೇಕು. ಬರೀ ‘ರೋಜರ್’ ಎಂದರೆ ಕೇಳಿಸಿತು ಎಂದಷ್ಟೇ; ಸರಿಯಾಗಿ ಕೇಳಿಸಿತೆಂದು ಅದರಿಂದ ಗೊತ್ತಾಗದು. ‘ಸ್ಟ್ಯಾಂಡ್‌ಬೈ’ ಎಂದರೆ ಕಾಯಿರಿ ಎಂದಷ್ಟೇ, ಅನುಮತಿಯಲ್ಲ. ‘ಟೇಕಾಫ್’ ಎಂಬ ಪದ ಹಾರುವ ಅನುಮತಿ ಕೊಡುವಾಗ ಇಲ್ಲವೇ ಅದನ್ನು ರದ್ದು ಮಾಡುವಾಗ ಮಾತ್ರ, ಉಳಿದೆಡೆ ‘ಡಿಪಾರ್ಚರ್’. 1977ರಲ್ಲಿ ಸ್ಪೇನ್‌ನ ಟೆನೆರಿಫೆ ದ್ವೀಪದ ರನ್‌ವೇಯಲ್ಲಿ ಎರಡು ವಿಮಾನ ಡಿಕ್ಕಿಯಾಗಿ 583 ಜನ ಸತ್ತ ಮೇಲೆ ಬಿಗಿಯಾದ ನಿಯಮವಿದು.

ಗಾಳಿಯ ಒತ್ತಡದ ಅಂಕಿಯಲ್ಲಿ ಇನ್ನೊಂದು ಅಪಾಯವಿದೆ. ಅಮೆರಿಕದಲ್ಲಿ ಅಲ್ಟಿಮೀಟರ್ (ಎತ್ತರ ಮಾಪಕ) ಹೊಂದಿಸುವುದು ಪಾದರಸದ ಇಂಚಿನಲ್ಲಿ, ಇಲ್ಲಿ ಹೆಕ್ಟೊಪಾಸ್ಕಲ್‌ನಲ್ಲಿ. ಅಲ್ಲಿ ಕಲಿತ ಕಿವಿ 993 ಹೆಕ್ಟೊಪಾಸ್ಕಲ್ ಎನ್ನುವುದನ್ನು ಬರೀ ‘ನೈನ್ ನೈನ್ ತ್ರೀ’ ಎಂದು ಕೇಳಿ 29.93 ಇಂಚು ಹೊಂದಿಸಿದರೆ ಅದು 1013 ಹೆಕ್ಟೊಪಾಸ್ಕಲ್ ಆಯಿತು. ವಿಮಾನ ಮಾಪಕ ತೋರಿಸುವುದಕ್ಕಿಂತ 500 ಅಡಿಗೂ ಹೆಚ್ಚು ಕೆಳಗಿರುತ್ತದೆ. ಮೋಡದೊಳಗೆ ಇಳಿಯುವವನಿಗೆ ಸುಳಿವೂ ಸಿಗದು. ‘ಹೆಕ್ಟೊಪಾಸ್ಕಲ್’ ಎಂದು ಸೇರಿಸಿ ಹೇಳಲು ಅರೆಕ್ಷಣ ಸಾಕು.

ಮಾತಿನ ವೇಗ ನಿಮಿಷಕ್ಕೆ 100 ಪದ ಮೀರಬಾರದು ಎನ್ನುತ್ತದೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಸಿಎಒ) ಕೈಪಿಡಿ. ನಮ್ಮವರ ಕಾನ್ವೆಂಟ್ ಇಂಗ್ಲಿಷ್ ಅದನ್ನು ಸುಲಭವಾಗಿ ದಾಟುತ್ತದೆ. ಮೈಕಿನ ಬಟನ್ ಒತ್ತಿದ ಕೂಡಲೇ ಶುರು ಹಚ್ಚಿಕೊಂಡರೆ ಮೊದಲ ಅಕ್ಷರಗಳೇ ಕತ್ತರಿಸಿ ಹೋಗುತ್ತವೆ. ಮೊದಲು ಕರೆಯುವಾಗ ಅಲ್ಲಿರುವುದು ಸಾಮಾನ್ಯವಾಗಿ ಕಾಲ್‌ಸೈನ್.

ನಮ್ಮ ತರಬೇತಿ ಶಾಲೆಗಳು ವಿದ್ಯಾರ್ಥಿಯ ರೇಡಿಯೊ ಮಾತನ್ನು ಧ್ವನಿಮುದ್ರಿಸಿ, ಹಾರಾಟದ ನಂತರ ಅವರೆದುರೇ ಕೇಳಿಸಿ ತಿದ್ದಲಿ. ಇದಕ್ಕೆ ದುಬಾರಿ ಸಿಮ್ಯುಲೇಟರ್ ಬೇಕಿಲ್ಲ.

– ರೇಡಿಯೊ ಟೆಲಿಫೋನಿ ಬೋಧಕ, ಯಲಹಂಕ, ಬೆಂಗಳೂರು