ಕಂಪಾಸು ಕೆಟ್ಟ ವಿಮಾನ ಹಾರಿಸದ ಮಗಳಿಗೆ ದಂಡ: ದೂರು ಪತ್ರ

ಇವರಿಂದ:
ವಿದ್ಯಾರ್ಥಿನಿಯ ತಂದೆ,
ಬೈತಖೋಲ, ಕಾರವಾರ

ಇವರಿಗೆ:
ವ್ಯವಸ್ಥಾಪಕರು,
ವಿಮಾನ ಚಾಲನಾ ತರಬೇತಿ ಸಂಸ್ಥೆ

ವಿಷಯ: ದಂಡದ ಹಣ ವಾಪಸು ಮಾಡುವ ಮತ್ತು ಕಡತದಲ್ಲಿರುವ ಷರಾ ತೆಗೆಯುವ ಕುರಿತು.

ಮಾನ್ಯರೆ,

ನನ್ನ ಮಗಳು ನಿಮ್ಮಲ್ಲಿ ಪೈಲಟ್ ತರಬೇತಿ ಪಡೆಯುತ್ತಿದ್ದಾಳೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಒಬ್ಬಳೇ ಹಾರಬೇಕಿದ್ದ ಎರಡು ಸೀಟಿನ ವಿಮಾನ ಹತ್ತಿ, ತಪಾಸಣೆ ಮಾಡಿ, ಎಂಜಿನ್ ಚಾಲೂ ಮಾಡದೆ ಇಳಿದು ಬಂದಳು. ಅದಕ್ಕೆ ನೀವು 6,500 ರೂಪಾಯಿ ದಂಡ ಹಾಕಿ, ಅವಳ ಕಡತದಲ್ಲಿ ‘ಹಾರಲು ಹಿಂಜರಿಕೆ’ ಎಂದು ಬರೆದಿದ್ದೀರಿ. ಎರಡು ಇಮೇಲ್‌ಗೂ ಉತ್ತರ ಬರಲಿಲ್ಲ.

ಅವಳು ಇಳಿದದ್ದು ಕಂಪಾಸು ನೋಡಿ. ಫೋಟೊ ಲಗತ್ತಿಸಿದ್ದೇನೆ, ದಯವಿಟ್ಟು ನೋಡಿ. ಗಾಜಿನೊಳಗೆ ದ್ರವ ಅರ್ಧಕ್ಕಿಳಿದು ಮೇಲೆಲ್ಲ ಗಾಳಿ ತುಂಬಿದೆ. ಡಿಗ್ರಿ ಬರೆದ ಬಿಲ್ಲೆ ವಾಲಿಕೊಂಡು ಗಾಜಿಗೆ ತಾಗಿದೆ. ಬೆರಳಿನಿಂದ ತಟ್ಟಿದರೂ ಅದು ಅಲುಗಲಿಲ್ಲ. ಕಂಪಾಸು ಯಾವ ದಿಕ್ಕಿನಲ್ಲಿ ಎಷ್ಟು ತಪ್ಪು ತೋರಿಸುತ್ತದೆ ಎಂದು ಬರೆದಿಡುವ ಕೆಳಗಿನ ತಿದ್ದುಪಡಿ ಚೀಟಿಯಲ್ಲಿ ದಿನಾಂಕ ಮಾಸಿ ಹೋಗಿದೆ. ಹಿಂದಿನ ದಿನವೇ ಪೂರ್ವಕ್ಕೆ ಮುಖ ಮಾಡಿದ 09 ರನ್‌ವೇಯಲ್ಲಿ ನೇರ ನಿಂತಾಗ 90 ಡಿಗ್ರಿಯ ಆಸುಪಾಸು ತೋರಿಸಬೇಕಾದದ್ದು 120 ತೋರಿಸಿತ್ತು. ಶಿಕ್ಷಕರು ಪರವಾಗಿಲ್ಲ ಎಂದು ಹಾರಿಸಿಯೇ ಬಿಟ್ಟರು. ಇಳಿದ ಮೇಲೆ ಮಗಳು ಇದನ್ನು ವಿಮಾನದ ದೋಷ, ದುರಸ್ತಿ ಬರೆಯುವ ಪುಸ್ತಕವಾದ ಟೆಕ್ ಲಾಗ್‌ನಲ್ಲಿ ಬರೆದಳು. ಮರುದಿನ ಆ ಸಾಲಿನ ಎದುರು ಎಂಜಿನಿಯರರ ಸಹಿ ಇರಲಿಲ್ಲ.

‘ಜಿಪಿಎಸ್ ಇದೆಯಲ್ಲ ಸರ್’ ಎಂದರು ನಿಮ್ಮ ಕಚೇರಿಯವರು. ನಾನು ಮೂವತ್ತು ವರ್ಷ ಮೀನು ಹಿಡಿಯುವ ಟ್ರಾಲ್ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥನಾಗಿದ್ದವನು. ಒಂದು ವರ್ಷ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಕಡಲಿಗಿಳಿದಾಗ ಬ್ಯಾಟರಿಗೆ ನೀರು ಹೊಕ್ಕು ಜಿಪಿಎಸ್, ವೈರ್‌ಲೆಸ್ ಎರಡೂ ಸತ್ತವು. ಮಳೆ ಕವಿದು ಕಾರವಾರದ ಎದುರಿನ ದೇವಗಡ ದ್ವೀಪದ ಲೈಟ್‌ಹೌಸೂ ಕಾಣದು. ಕಂಪಾಸು ನೋಡಿಕೊಂಡು ಪೂರ್ವಕ್ಕೆ ಬೋಟು ಬಿಟ್ಟು ಏಳು ಜನ ಮನೆ ಸೇರಿದೆವು. ಕಂಪಾಸಿಗೆ ಕರೆಂಟ್ ಬೇಡ. ವಿಮಾನದಲ್ಲಿ ಜೈರೊ, ಅಂದರೆ ತಿರುಗುವ ಚಕ್ರದಿಂದ ದಿಕ್ಕು ತೋರಿಸುವ ಸಾಧನ, ಇದೆ ಎನ್ನುತ್ತೀರಿ. ಅದು ಹೊತ್ತು ಹೋದಂತೆ ದಿಕ್ಕು ಸರಿಯುತ್ತದೆ, ಹದಿನೈದು ನಿಮಿಷಕ್ಕೊಮ್ಮೆ ಕಂಪಾಸಿಗೆ ಹೊಂದಿಸಿಕೊಳ್ಳಬೇಕು ಎಂದು ನೀವೇ ತರಗತಿಯಲ್ಲಿ ಕಲಿಸಿದ್ದೀರಿ. ಕಂಪಾಸೇ ಸುಳ್ಳಾದರೆ ಯಾವುದಕ್ಕೆ ಹೊಂದಿಸುವುದು?

ಹಗಲು ಹೊತ್ತು, ಕಣ್ಣಿಗೆ ನೆಲ ಕಾಣುವಂತೆ ಹಾರುವ ಸಣ್ಣ ವಿಮಾನಕ್ಕೂ ದಿಕ್ಕು, ಎತ್ತರ, ವೇಗ, ಸಮಯ ತೋರಿಸುವ ಸಾಧನ ಇರಲೇಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 6ನೇ ಅನುಬಂಧ. ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮವೂ ಅದನ್ನೇ ಕೇಳುತ್ತದೆ. ರಾತ್ರಿ ಹಾರಾಟಕ್ಕೆ, ದಡ ಬಿಟ್ಟು ಕಡಲ ಮೇಲೆ ಹೋಗುವುದಕ್ಕೆ ಪಟ್ಟಿ ಬೆಳೆಯುತ್ತದೆ. ಒಂಟಿ ಎಂಜಿನಿನ ವಿಮಾನ ಎಂಜಿನ್ ನಿಂತರೆ ತೇಲಿಕೊಂಡು ದಡ ಮುಟ್ಟಲಾರದಷ್ಟು ದೂರ ಹೋಗುವುದಾದರೆ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಬೇಕು. ಹಗಲಿಗೆ ಕೇಳಿರುವುದು ಈ ನಾಲ್ಕು ಸಂಗತಿ. ಅದರಲ್ಲೂ ಒಂದು ನಿಮ್ಮಲ್ಲಿ ಕೆಟ್ಟಿತ್ತು. ಸೋಲೊ ಹಾರಾಟದಲ್ಲಿ ವಿಮಾನದ ಹೊಣೆ ಅದನ್ನು ಹಾರಿಸುವವಳದೇ. ಉಪಕರಣ ಸರಿಯಿದೆಯೇ ಎಂದು ನೋಡಿ ಹೊರಡುವುದು ಅವಳ ಕರ್ತವ್ಯ. ಅದನ್ನು ಮಾಡಿದ್ದಕ್ಕೆ ಹಿಂಜರಿಕೆ ಎಂದು ಹೆಸರಿಟ್ಟರೆ, ಮುಂದಿನ ಹುಡುಗ ಬಾಯಿ ಮುಚ್ಚಿಕೊಂಡು ಹಾರುತ್ತಾನೆ. ನನಗೆ ದುಡ್ಡಿಗಿಂತ ಇದೇ ಹೆಚ್ಚು ನೋವು.

ದಂಡದ ಹಣ ಮರಳಿಸಿ, ಆ ಷರಾ ಹೊಡೆದು ಹಾಕಿ, ತಪ್ಪಿದ ಹಾರಾಟವನ್ನು ಹೆಚ್ಚುವರಿ ಶುಲ್ಕವಿಲ್ಲದೆ ಕೊಡಿ. ಟೆಕ್ ಲಾಗ್‌ನ ಆ ಪುಟದ ನಕಲು, ಕಂಪಾಸನ್ನು ಕೊನೆಯ ಬಾರಿ ಹೊಂದಿಸಿದ ದಾಖಲೆ ಎರಡೂ ನಮಗೆ ಬೇಕು. ಅಲ್ಲಿಯವರೆಗೆ ಆ ವಿಮಾನವನ್ನು ಯಾವ ಮಕ್ಕಳಿಗೂ ಕೊಡಬೇಡಿ. ಹದಿನೈದು ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಈ ಪತ್ರ, ಫೋಟೊಗಳ ಸಮೇತ ಡಿಜಿಸಿಎಗೆ ದೂರು ಸಲ್ಲಿಸುತ್ತೇನೆ.

ತಮ್ಮ ವಿಶ್ವಾಸಿ,
ವಿದ್ಯಾರ್ಥಿನಿಯ ತಂದೆ

ಲಗತ್ತು: ಫೋಟೊ ಮೂರು, ದಂಡದ ರಸೀದಿ, ಇಮೇಲ್ ಪ್ರತಿಗಳು